ಕಿಟಕಿಯ ಕೆಳಗಿನ ಮೇಜು

ನನ್ನ ಮಗ ಟಿನೊ ಹುಟ್ಟಿದಾಗಿನಿಂದ ನಾನು ಬಿಸಿ ಊಟ ಮಾಡಿಲ್ಲ. ಇದನ್ನು ನಮ್ಮ ಒರ್ತಿಜಿಯಾ ದ್ವೀಪದಲ್ಲಿ ಯಾರಿಗೆ ಹೇಳಿದರೂ ನನ್ನ ಅತ್ತೆ ಡೊನ್ನಾ ಅಗ್ರಿಪ್ಪಿನಾ ಅವರಿಗೆ ಅಪಚಾರ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಅತ್ತೆ ದಿನವೂ ಹಬೆಯಾಡುವ ಪಾಸ್ತಾವನ್ನೇ ಬಡಿಸುತ್ತಾರೆ, ಮಸೂರ ಬೇಳೆ ಹಾಕಿದ್ದು (ಹಾಲು ಹೆಚ್ಚುತ್ತದಂತೆ). ಬಡಿಸಿದ ಕೂಡಲೇ ಟಿನೊ ಅಳುತ್ತಾನೆ. ಅವನು ಸುಮ್ಮನಾಗುವ ಹೊತ್ತಿಗೆ ಪಾಸ್ತಾ ಗಾರೆಯಾಗಿರುತ್ತದೆ.

ನಮ್ಮದು ಮೂರನೆಯ ಮಹಡಿ. ಕಿಟಕಿಯ ನೇರ ಕೆಳಗೆ, ಓಣಿಯಲ್ಲಿ, ಬಾಸ್ಟಿಯಾನೊನ ಹೋಟೆಲು. ಗೋಡೆಗೆ ಒತ್ತಿಕೊಂಡು ಇಬ್ಬರಿಗೆ ಸಾಲುವ ಒಂದು ಮೇಜು. ಮಗುವನ್ನು ಭುಜಕ್ಕೆ ಹಾಕಿ ತಟ್ಟುತ್ತಾ ನಾನು ಆ ಮೇಜನ್ನು ನೋಡಿದಷ್ಟು ಸಮುದ್ರವನ್ನೂ ನೋಡಿಲ್ಲ. ಮರುವಾಯಿ ಎಂಬ ಕಡಲ ಚಿಪ್ಪಿನ ಪಾಸ್ತಾ ಬರುತ್ತದೆ, ಬೆಳ್ಳುಳ್ಳಿಯ ಘಮ ಮೂರು ಮಹಡಿ ಹತ್ತಿ ಬರುತ್ತದೆ, ಯಾರೋ ಪುಣ್ಯಾತ್ಗಿತ್ತಿ ಎರಡೂ ಕೈ ಬಳಸಿ ತಿನ್ನುತ್ತಾಳೆ. ಎರಡೂ ಕೈ.

ಮದುವೆಯ ವಾರ್ಷಿಕೋತ್ಸವ ಬಂತು. ಹೊರಗೆ ಊಟ ಮಾಡೋಣ ಎಂದೆ. ಎಲ್ಲಿ ಎಂಬುದೇ ರಾಷ್ಟ್ರೀಯ ಸಮಸ್ಯೆಯಾಯಿತು.

“ಬಂದರಿನ ಹತ್ರ ಬೇಡ,” ಎಂದ ನನ್ನ ಗಂಡ ನುನ್ಸಿಯೊ. “ಆ ಹೋಟೆಲಿನವನಿಗೂ ನಮ್ಮಪ್ಪನಿಗೂ ಮಾತಿರಲಿಲ್ಲ.”

“ನಿಮ್ಮಪ್ಪ ತೀರಿಕೊಂಡು ಎಷ್ಟು ವರ್ಷ ಆಯ್ತು?”

“ಅದಕ್ಕೇ, ಇನ್ನು ರಾಜಿ ಆಗೋ ಹಾಗಿಲ್ಲ.”

“ಸಂತೆ ಹತ್ರ?”

“ಅದು ನಮ್ಮ ಚಿಕ್ಕಮ್ಮನ ಮಗಂದು. ನೀನು ಎಷ್ಟು ಉಪ್ಪು ಕೇಳ್ದೆ ಅನ್ನೋದು ನಾವು ಮನೆಗೆ ಬರೋ ಮುಂಚೆ ಅಮ್ಮನಿಗೆ ಗೊತ್ತಿರುತ್ತೆ.”

“ಹಾಗಾದ್ರೆ ಕೆಳಗಡೇನೇ. ಟಿನೊ ಅತ್ರೆ ಕೇಳಿಸುತ್ತೆ,” ಎಂದೆ, ಆಗಷ್ಟೇ ಹೊಳೆದವಳಂತೆ.

“ಒಲೆ ಹಚ್ಚದೆ ಹೊರಗೆ ತಿನ್ನೋಕೆ ಮನೇಲಿ ಯಾರು ಸತ್ತಿದಾರೆ?” ಎಂದರು ಅತ್ತೆ. ಆದರೂ ಮಗುವನ್ನು ಎತ್ತಿಕೊಂಡರು.

ಸಂಜೆ ಆ ಮೇಜಿಗೆ ಕೂತೆವು. ಕೂತ ಮರುಗಳಿಗೆಯೇ ನಾವು ದಿನವೂ ಬ್ರೆಡ್ ಸೇದಿಕೊಳ್ಳುವ ಹಗ್ಗದ ಬುಟ್ಟಿ ಕಿಟಕಿಯಿಂದ ಇಳಿಯಿತು. ಒಳಗೆ ಶಾಲು, ಮೇಲಿಂದ ಅತ್ತೆಯ ದನಿ.

“ಗಾಳಿ ಬೀಸ್ತಿದೆ, ಕುತ್ತಿಗೆಗೆ ಸುತ್ಕೋ ಇಲಾರಿಯಾ. ನಿನ್ನ ಶೀತ ಮಗೂಗೆ ಬರುತ್ತೆ.”

ಬುಟ್ಟಿ ಹೋಯಿತು, ಮತ್ತೆ ಬಂತು. ಈ ಸಲ ಮುಚ್ಚಳ ಬಿಗಿದ ಪಾತ್ರೆ. “ಅವನು ಚಿಪ್ಪು ಎಣಿಸಿ ಹಾಕ್ತಾನೆ. ಹೊಟ್ಟೆ ತುಂಬದಿದ್ರೆ ಇದಿರಲಿ.”

ಬಾಸ್ಟಿಯಾನೊ ಪಾತ್ರೆಯನ್ನು ಉತ್ಸವಮೂರ್ತಿಯಂತೆ ಇಳಿಸಿಕೊಂಡು ಮೇಜಿನ ಮೇಲಿಟ್ಟ. ಡೊನ್ನಾ ಅಗ್ರಿಪ್ಪಿನಾ ಅವರನ್ನು ಎದುರು ಹಾಕಿಕೊಂಡು ಈ ಓಣಿಯಲ್ಲಿ ಯಾರೂ ಹೋಟೆಲು ನಡೆಸಿಲ್ಲ.

ಕೊನೆಗೂ ನನ್ನ ತಟ್ಟೆ ಬಂತು. ಹಬೆ ಮುಖಕ್ಕೆ ಹೊಡೆಯಿತು. ಮುಳ್ಳುಚಮಚಕ್ಕೆ ಪಾಸ್ತಾ ಸುತ್ತಿ ಎತ್ತಿದೆ. ಮೇಲೆ ನಿಶ್ಶಬ್ದ.

“ಟಿನೊ ಯಾಕೆ ಅಳ್ತಿಲ್ಲ?”

“ಅಳದಿದ್ರೆ ಒಳ್ಳೇದೇ ಅಲ್ವೇನೇ? ತಿನ್ನು.”

“ಈ ಹೊತ್ತಲ್ಲಿ ಅವನು ಅಳಲೇಬೇಕು ಕಣೋ.”

ಮಿಲಾನಿನಲ್ಲಿ ಓದಿದವಳು ನಾನು. ಅಳುವ ಮಗುವಿನ ಬಗ್ಗೆ ಕಪಾಟು ತುಂಬ ಪುಸ್ತಕ ಓದಿದ್ದೇನೆ. ಅಳದ ಮಗುವಿನ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ಚಮಚ ಕೆಳಗಿಟ್ಟು ಮೂರು ಮಹಡಿ ಹತ್ತಿ ಓಡಿದೆ.

ಟಿನೊ ಅಜ್ಜಿಯ ತೊಡೆಯ ಮೇಲೆ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ.

“ಬಂದ್ಯಾ? ಹಿಡ್ಕೋ, ಕಾಲು ಜೋಮು ಹಿಡಿದಿದೆ,” ಎಂದು ಅತ್ತೆ ಅವನನ್ನು ನನ್ನ ತೋಳಿಗೆ ದಾಟಿಸಿ ಎದ್ದರು. “ತಟ್ಟೇಲಿ ಬಿಟ್ಟು ಬಂದ್ಯಾ? ಊಟ ಬಿಡೋದು ಪಾಪ ಕಣೇ. ನಾನು ನೋಡ್ಕೋತೀನಿ.”

ಕಿಟಕಿಗೆ ಹೋದೆ. ಮೆಟ್ಟಿಲಿಳಿದು ಹೋದ ಅತ್ತೆ ಕೆಳಗೆ ನನ್ನ ಕುರ್ಚಿಯಲ್ಲಿ ಕೂತರು. ಒಂದೊಂದೇ ಚಿಪ್ಪು ಎತ್ತಿ, ಎರಡೂ ಕೈಯಲ್ಲಿ, ಕಣ್ಣು ಮುಚ್ಚಿ ಚೀಪಿದರು. ನುನ್ಸಿಯೊನನ್ನು ಇದೇ ಕಿಟಕಿಯಲ್ಲಿ ತಟ್ಟಿ ಮಲಗಿಸಿದವರು ಅವರು ಎಂಬುದು ನನಗೆ ಆಗ ಹೊಳೆಯಿತು.

ಸುಮ್ಮನೆ ಬುಟ್ಟಿ ಇಳಿಬಿಟ್ಟೆ. ನುನ್ಸಿಯೊ ತಲೆಯೆತ್ತಿ ನೋಡಿದ, ಏನನ್ನೋ ಇಟ್ಟ. ಭಾರವಿತ್ತು. ಒಂದು ತೋಳಲ್ಲಿ ಮಗು, ಇನ್ನೊಂದು ಕೈಗೆ ಹಗ್ಗ; ಹಲ್ಲಿನ ಸಹಾಯವೂ ಬೇಕಾಯಿತು.

ಅತ್ತೆಯ ಪಾತ್ರೆ. ಮುಚ್ಚಳ ತೆಗೆದೆ. ಮಸೂರ ಬೇಳೆ. ಇನ್ನೂ ಹಬೆಯಾಡುತ್ತಿತ್ತು.

ಟಿನೊ ಕಣ್ಣು ಬಿಟ್ಟ.