ಹೆಸರಿನ ಸರದಿ, ಚಟ್ನಿಯ ಹದ

ಮಾರ್ಚ್ ಹನ್ನೆರಡು, ಸಂಜೆ ಆರೂ ಹತ್ತು. ಒಂದು ಸಂಸ್ಥೆಯ ತಿಳಿವಳಿಕೆಯೆಲ್ಲ ಕಡತಗಳಲ್ಲಿ, ಕಂಪ್ಯೂಟರಿನಲ್ಲಿ ಇರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಅದು ಇರುವುದು ಜನರ ಮೂಗಿನ ತುದಿಯಲ್ಲಿ, ಸಿಟ್ಟಿನ ಪಕ್ಕದಲ್ಲಿ.

ನಮ್ಮದು ಸೊಲ್ಲಾಪುರದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವ ಅಂಗಡಿ. ಅಕ್ಕಲಕೋಟೆಯಲ್ಲಿ ಒಂದು ಶಾಖೆಯಿದೆ. ಅದನ್ನು ನೋಡಿಕೊಳ್ಳುವವರು ಮಾಲಕರ ಅಕ್ಕ ಸುಗಲಾಬಾಯಿ. ಚಟ್ನಿಯ ಹದ ಗೊತ್ತಿರುವುದು ಅವರೊಬ್ಬರಿಗೇ. ಮಂಗಳವೇಢೆಯಲ್ಲಿ ಮೂರನೆಯ ಅಂಗಡಿ ತೆರೆಯುವ ಮೊದಲು ಯಾರ್ಯಾರಿಗೆ ಏನೇನು ಗೊತ್ತೋ ಎಲ್ಲ ಕೇಳಿ ಬರೆದಿಡು, ಅಲ್ಲಿಯ ಮ್ಯಾನೇಜರ್ ನೀನೇ ಎಂದರು ಮಾಲಕರು. ಅವತ್ತೇ ದಿನಚರಿಯ ಹಿಂದಿನ ಪುಟದಲ್ಲಿ ಮ್ಯಾನೇಜರಿಗೆ ಒಪ್ಪುವಂಥ ಸಹಿ ಅಭ್ಯಾಸ ಮಾಡಿದೆ. ಆಮೇಲೆ ಎಲ್ಲರನ್ನೂ ಸಭೆಗೆ ಕರೆದು ವಾಟ್ಸಾಪಿನಲ್ಲಿ ಸಂದೇಶ ಕಳಿಸಿದೆ. ಯಾರಿಗೂ ಬೇಸರವಾಗಬಾರದೆಂದು ಹೆಸರುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಹಾಕಿದೆ. ಹೀಗಾಗಿ ಸುಗಲಾಬಾಯಿ ಎಲ್ಲರಿಗಿಂತ ಕೆಳಗೆ, ಹೋದ ವರ್ಷವಷ್ಟೇ ರೊಟ್ಟಿ ಬಡಿಯಲು ಸೇರಿದ ಮಹಾದೇವಿಗಿಂತಲೂ ಕೆಳಗೆ ಹೋಗಿ ಕೂತರು. ಸಭೆಗೆ ಮಾತ್ರ ಬರಲಿಲ್ಲ.

ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋದೆ. ಸುಗಲಾಬಾಯಿ ಊಟ ಹಾಕಿದರು, ಚಹಾ ಕೊಟ್ಟರು, ನಮ್ಮವ್ವನ ಮೊಣಕಾಲು ನೋವು ವಿಚಾರಿಸಿದರು. ಚಟ್ನಿಯ ಮಾತು ಎತ್ತಿದೆ.

“ಅದೇನು, ಎಲ್ಲಾರೂ ಮಾಡ್ತಾರಲ್ಲ, ಹಂಗ.”

“ಹಂಗ ಅಂದ್ರ ಹೆಂಗ್ರಿ ಅಕ್ಕಾರ?”

“ನನಗೇನು ತಿಳೀತದ ತಮ್ಮಾ, ನಾ ತಳದಾಕಿ. ನಿಮ್ಮ ಮಹಾದೇವೀನ ಕೇಳು. ಲಗ್ನಪತ್ರಿಕ್ಯಾಗ ಯಾರರ ಹಿರ್ಯಾರ ಹೆಸರು ತಳಕ್ಕ ಹಾಕ್ತಾರೇನು?”

ತಪ್ಪಾಯಿತೆಂದು ಕೈಮುಗಿದೆ. ಇನ್ನೊಂದು ಕಪ್ ಚಹಾ ಬಂತು, ಹದ ಬರಲಿಲ್ಲ. ಸುಮ್ಮನೆ ಕೂರಲಾಗದೆ, ನಾನು ಊಹಿಸಿ ಬರೆದುಕೊಂಡಿದ್ದನ್ನೇ ಓದಿದೆ: “ಶೇಂಗಾ ಬಿಸಿ ಇದ್ದಾಗೇ ಕುಟ್ಟತಾರಂತ ಬರದೀನ್ರಿ.”

“ಯಾ ಶಾಣ್ಯಾ ಹೇಳ್ಯಾನ?” ಸುಗಲಾಬಾಯಿ ಎದ್ದೇ ನಿಂತರು. “ಬಿಸೀದು ಕುಟ್ಟಿದ್ರ ಮುದ್ದಿ ಆಗ್ತದ. ಪೂರಾ ಆರಬೇಕು. ಬಳ್ಳೊಳ್ಳಿ ಸಿಪ್ಪಿ ಸೈತ ಹಾಕಬೇಕು. ಎಣ್ಣಿ ಬಿಡಾಕತ್ತಿತು ಅಂದ್ರ ಒನಕಿ ನಿಲ್ಲಸಬೇಕು. ಬರಕೋ, ಮಾರಿ ಏನ್ ನೋಡ್ತಿ?”

ಕೀಲಿಕೈ ಸಿಕ್ಕಿತು. ವಿನಯಕ್ಕೆ ಬಗ್ಗದ ವಿದ್ಯೆ ಸಿಟ್ಟಿಗೆ ಹೊಳೆಯಾಗಿ ಹರಿಯಿತು. ಆಮೇಲೆ ಬೇಕೆಂದೇ ತಪ್ಪು ಹೇಳತೊಡಗಿದೆ. ಖಾರಕ್ಕೆ ಹಸಿಮೆಣಸಿನಕಾಯಿ ಎಂದಾಗ ಅವರು ಹಣೆ ಬಡಿದುಕೊಂಡರು. ಒಗ್ಗರಣೆಯನ್ನೂ ಸೂಚಿಸಿದಾಗ ನನ್ನ ಪೆನ್ನು ಕಸಿದುಕೊಂಡು ತಾವೇ ಬರೆದರು. ಸಂಜೆಯ ಹೊತ್ತಿಗೆ ಚಟ್ನಿಯ ವಿದ್ಯೆ ಪೂರ್ತಿ ನನ್ನ ಚೀಲದಲ್ಲಿತ್ತು.

ನಾನು ಸೊಲ್ಲಾಪುರ ಮುಟ್ಟುವ ಮೊದಲೇ ಮಾಲಕರಿಗೆ ಅವರ ಫೋನು ಮುಟ್ಟಿತ್ತು. “ಹುಡುಗ ಛಲೋ ಅದಾನ. ಆದ್ರ ತಲ್ಯಾಗ ಏನೂ ಇಲ್ಲ. ಅವನ ಕೈಯಾಗ ಅಂಗಡಿ ಕೊಡಬ್ಯಾಡಪಾ, ಮುಳಗಸ್ತಾನ.”

ಮಂಗಳವೇಢೆಯ ಅಂಗಡಿ ಮಹಾದೇವಿಯ ಪಾಲಾಯಿತು. ಆಕೆ ಸಭೆಯಲ್ಲಿ ಬಾಯಿಯನ್ನೇ ತೆರೆದಿರಲಿಲ್ಲ. ಹಾಗಾಗಿ ಆಕೆಗೆ ಏನು ಗೊತ್ತಿಲ್ಲ ಎಂಬುದು ಯಾರಿಗೂ ಗೊತ್ತಾಗಿರಲಿಲ್ಲ.

ಈಗ ಮಾಲಕರು ದಿನಾ ಕೇಳುತ್ತಾರೆ, “ಅಕ್ಕ ಹೇಳಿದ್ದೆಲ್ಲ ಮಹಾದೇವಿಗೆ ಕಳಿಸಿದ್ಯೇನೋ?” ಕಂಪ್ಯೂಟರಿನಲ್ಲಿ ಟೈಪು ಮಾಡಿಟ್ಟ ಫೈಲು ತೆರೆಯುತ್ತಿಲ್ಲ ಎನ್ನುತ್ತೇನೆ. ಫೈಲಿಗೆ ಏನೂ ಆಗಿಲ್ಲ, ಬಿಗಿದುಕೊಂಡಿರುವವನು ನಾನು. ನನ್ನಂಥವನನ್ನು ಸಮಾಧಾನಪಡಿಸುವ ದಾರಿ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನನಗಲ್ಲ, ಮಾಲಕರಿಗೆ. ಅಂಗಡಿ ಬರುವ ಸೋಮವಾರವೇ ತೆರೆಯುತ್ತದೆ. ಸ್ವಲ್ಪ ಬೇಗ ಬರೆದರೆ ಒಳ್ಳೆಯದು.