ನಿರ್ವಿಘ್ನ ಆಸ್ಪತ್ರೆಯ ಮೂವರು ಹಮ್ಮ ಗೌಡರು

ಕುಮಟಾ–ಹೊನ್ನಾವರ ಹೆದ್ದಾರಿಯ ಪಕ್ಕದ ನಿರ್ವಿಘ್ನ ಆಸ್ಪತ್ರೆಯಲ್ಲಿ, ಅದು ಆರಂಭವಾದ ದಿನದಿಂದ ಇಂದಿನವರೆಗೆ, ಚಿಕಿತ್ಸೆಯಿಂದ ಯಾವ ರೋಗಿಗೂ ಯಾವ ತೊಡಕೂ ಉಂಟಾಗಿಲ್ಲ. ಗೇಟಿನ ಮೇಲೆ ಹಾಗೆಂದು ಬರೆದಿದೆ. ಬರೆಸಿದವರು ಅಲ್ಲಿನ ಗುಣಮಟ್ಟ ಅಧಿಕಾರಿ ಕೃಷ್ಣಾನಂದ ಹೆಗಡೆಯವರು.

ಹೆಗಡೆಯವರು ಮೃದು ಸ್ವಭಾವದವರು. ರಕ್ತ ಕಂಡರೆ ಅವರಿಗೆ ತಲೆ ತಿರುಗುತ್ತಿದ್ದುದರಿಂದ ಅವರನ್ನು ಗುಣಮಟ್ಟಕ್ಕೆ ಹಾಕಲಾಗಿತ್ತು. ಅವರು ರೂಪಿಸಿದ ನಿಯಮ ಸರಳವಾಗಿತ್ತು: ರೋಗಿ ಹೊರಗಿನಿಂದ ತಂದದ್ದು ಕಾಯಿಲೆ, ಒಳಗೆ ಬಂದ ಮೇಲೆ ಆದದ್ದು ತೊಡಕು. ಕಾಯಿಲೆಗೆ ಸ್ವಾಗತವಿದೆ. ತೊಡಕಿಗೆ ಪ್ರವೇಶವಿಲ್ಲ.

ಉತ್ಕೃಷ್ಟತೆಯ ಮುದ್ರೆ ಕೊಡುವ ತಪಾಸಣಾ ತಂಡ ಬರುವ ಹಿಂದಿನ ದಿನ ಹೊಳನಗದ್ದೆಯ ಹಮ್ಮ ಗೌಡರು ತೋಟದಲ್ಲಿ ಹರಿವೆ ಸೊಪ್ಪು ಕೀಳುತ್ತಿದ್ದಾಗ ಅವರ ಬಲಗೈ ಸ್ವಾಧೀನ ತಪ್ಪಿ ಬಿದ್ದುಹೋಯಿತು. ಬಾಯಿ ಸೊಟ್ಟಗಾಯಿತು, ಮಾತು ಕಟ್ಟಿತು. ಹೆಂಡತಿ ಸೋಮಿ ಗಂಡನನ್ನೂ ಸೊಪ್ಪಿನ ಬುಟ್ಟಿಯನ್ನೂ ಒಂದೇ ರಿಕ್ಷಾಕ್ಕೆ ಹಾಕಿಕೊಂಡು ಬಂದಳು. ಮಿದುಳಿನ ದೊಡ್ಡ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆಯೆಂದು ಸ್ಕ್ಯಾನಿಂಗಿನಲ್ಲಿ ತಿಳಿಯಿತು. ಡಾಕ್ಟರ್ ಸ್ಮೃತಿಯವರು ತಡಮಾಡದೆ ತೊಡೆಯ ಸಂದಿಯಿಂದ ಸಣ್ಣ ಕೊಳವೆ ಏರಿಸಿ, ಮಿದುಳಿನವರೆಗೂ ಹೋಗಿ, ಹೆಪ್ಪನ್ನು ಹಿಡಿದು ಎಳೆದರು.

ಹೆಪ್ಪು ಬಂತು, ಆದರೆ ಪೂರ್ತಿ ಬರಲಿಲ್ಲ. ಒಂದು ತುಂಡು ಮುರಿದು, ಅಲ್ಲಿಯವರೆಗೆ ಚೆನ್ನಾಗಿದ್ದ ಮತ್ತೊಂದು ನಾಳಕ್ಕೆ ಹೋಗಿ ಕೂತಿತು.

"ಅದನ್ನೂ ಈಗಲೇ ತೆಗೀತಾ ಇದ್ದೇನೆ" ಎಂದು ಸ್ಮೃತಿ ಒಳಗಿನಿಂದ ಫೋನಿನಲ್ಲಿ ಹೇಳಿದರು. "ತೊಡಕು ಅಂತ ಬರ್ಕೊಳ್ಳಿ."

ಹೆಗಡೆಯವರು ಪೆನ್ನು ಕೆಳಗಿಟ್ಟರು. "ಆ ತುಂಡು ಅಲ್ಲಿ ಮೊದಲೇ ಇತ್ತೇ, ಡಾಕ್ಟ್ರೇ?"

"ಇರಲಿಲ್ಲ. ಎಷ್ಟೇ ಹುಷಾರಾಗಿ ಮಾಡಿದರೂ ಕೆಲವರಿಗೆ ಹೀಗಾಗತ್ತೆ. ಬರೆದಿಟ್ಟರೆ ಮುಂದಿನವರಿಗೆ ಕಡಿಮೆ ಮಾಡಬಹುದು."

ಇಷ್ಟು ಓದಿದ ಹುಡುಗಿಗೆ ಗುಣಮಟ್ಟದ ತರಬೇತಿಯೇ ಸಿಕ್ಕಿಲ್ಲವಲ್ಲ ಎಂದು ಹೆಗಡೆಯವರಿಗೆ ಮರುಕವಾಯಿತು. ಅವರು ನಿರ್ದೇಶಕ ಅನಂತಮೂರ್ತಿಯವರ ಕೋಣೆಗೆ ಓಡಿದರು. ಸಭೆಗಳಲ್ಲಿ ಗ್ರಂಥದ ಭಾಷೆ ಮಾತಾಡುವ ನಿರ್ದೇಶಕರು ಗಾಬರಿಯಾದರೆ ಮನೆಮಾತಿಗೆ ಇಳಿಯುತ್ತಿದ್ದರು.

"ತೊಡಕು ಹೇಳಡ ಮಾರಾಯಾ! ಆ ಶಬ್ದವೇ ನಮ್ಮಲ್ಲಿ ಇಲ್ಲೆ. ನಾಳೆ ತಪಾಸಣೆ ಇದ್ದು!"

"ಹಾಗಾದರೆ ಆ ತುಂಡು ಹೊರಗಿನಿಂದ ಬರಬೇಕಾಗುತ್ತದೆ, ಸರ್."

"ತರ್ಸು."

ರೋಗಿಯನ್ನು ಮೇಜಿನಿಂದ ಎಬ್ಬಿಸಲು ಸ್ಮೃತಿ ಒಪ್ಪುವವರಲ್ಲ. ಆದ್ದರಿಂದ ಹೆಗಡೆಯವರು ಖಾಲಿ ತಳ್ಳುಗಾಡಿಯೊಂದಕ್ಕೆ ಹಮ್ಮ ಗೌಡರ ಹೆಸರಿನ ಚೀಟಿ ಕಟ್ಟಿ, ಅದನ್ನು ತಾವೇ ಗೇಟಿನವರೆಗೆ ದೂಡಿಕೊಂಡು ಹೋದರು. ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಟಿತು: "ಹೊಳನಗದ್ದೆಯ ಶ್ರೀ ಹಮ್ಮ ಗೌಡರು ಸಂಪೂರ್ಣ ಗುಣಮುಖರಾಗಿ ಮನೆಗೆ ತೆರಳುತ್ತಿದ್ದಾರೆ. ಅವರಿಗೆ ಶುಭವಾಗಲಿ." ನರ್ಸ್ ಒಬ್ಬಳು ತಲೆದಿಂಬಿನ ಮೇಲೆ ಹೂಗುಚ್ಛ ಇಟ್ಟಳು.

ಬಾಗಿಲಲ್ಲಿ ಕೂತಿದ್ದ ಸೋಮಿ ದಡಕ್ಕನೆ ಎದ್ದಳು. "ಎಂತದು ಹೆಗಡೇರೆ? ನಮ್ಮನೆಯವ್ರು ಎಲ್ಲವ್ರೆ?"

"ಗುಣ ಆಗಿ ಹೊರಟ್ರು, ಸೋಮಕ್ಕಾ."

"ಗಾಡಿ ಖಾಲಿ ಅದೆ!"

"ಅಷ್ಟು ಗುಣ ಆಗಿದೆ."

ಗೇಟಿನ ಹೊರಗೆ ತಳ್ಳುಗಾಡಿ ತಿರುಗಿತು. ಎರಡನೆಯ ಹಮ್ಮ ಗೌಡರೆಂಬ ಹೊಸ ಪ್ರಕರಣವಾಗಿ ದಾಖಲಾಗಿ, ಹೂಗುಚ್ಛದ ಸಮೇತ ಒಳಗೆ ಬಂತು. ಅಷ್ಟರಲ್ಲಿ ಒಳಗಿದ್ದ ಸ್ಮೃತಿ ಎರಡನೆಯ ಹಮ್ಮ ಗೌಡರ ಮಿದುಳಿನಿಂದ ತುಂಡನ್ನು ತೆಗೆದೂ ಆಗಿತ್ತು. ಇಷ್ಟು ತ್ವರಿತ ಸೇವೆ ಕರಾವಳಿಯಲ್ಲೇ ಪ್ರಥಮವೆಂದು ಹೆಗಡೆಯವರು ಬರೆದುಕೊಂಡರು.

ಮರುದಿನ ಬೆಳಿಗ್ಗೆ ತಪಾಸಣಾ ತಂಡ ಬಂತು. ಅದರ ಮುಖ್ಯಸ್ಥೆ ಜಯಶ್ರೀ ಮೇಡಂ ಭಟ್ಕಳದಿಂದ ಕುಮಟಾವರೆಗಿನ ಎಲ್ಲ ಆಸ್ಪತ್ರೆಗಳನ್ನೂ ನೋಡಿ ಯಾವುದಕ್ಕೂ ತಲೆದೂಗದವರು. ಅವರು ಮೊದಲನೆಯ ವಾರ್ಡಿನಲ್ಲಿ ಕಿಟಕಿ ಎಣಿಸುತ್ತಿರುವಾಗ ಸೋಮಿ ಬಂದು ಹೆಗಡೆಯವರ ತೋಳು ಹಿಡಿದಳು.

"ಇವ್ರ ಕಾಲು ಮುಟ್ಟಿ ನೋಡ್ರಿ. ತಣ್ಣಗೆ ಅದೆ. ತೊಡೆ ಮೊಗೆಕಾಯಿ ಹಂಗೆ ಊದ್ಕಂಡದೆ."

ಹೆಗಡೆಯವರು ಹಮ್ಮ ಗೌಡರ ಬಲಪಾದ ಮುಟ್ಟಿದರು. ಬಾವಿಕಟ್ಟೆಯ ಕಲ್ಲಿನಂತಿತ್ತು. ಕೊಳವೆ ಏರಿಸಿದ ಜಾಗದಲ್ಲಿ ಒಳಗೇ ರಕ್ತ ಸೋರಿ, ಕಾಲಿನ ನಾಳ ಕಟ್ಟಿತ್ತು. ಹಮ್ಮ ಗೌಡರು ಮಾತು ಬಾರದೆ ಅವರನ್ನೇ ನೋಡುತ್ತಿದ್ದರು. ಬೆರಳುಗಳು ನೀಲಿಯಾಗುತ್ತಿದ್ದವು. ಹೆಗಡೆಯವರ ನಾಲಿಗೆಯ ತುದಿಗೆ ಆ ನಿಷೇಧಿತ ಶಬ್ದ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಪಕ್ಕದ ವಾರ್ಡಿನಿಂದ ಜಯಶ್ರೀ ಮೇಡಂ ಅವರ ಚಪ್ಪಲಿಯ ಸದ್ದು ಕೇಳಿಸಿತು.

"ಶಸ್ತ್ರಚಿಕಿತ್ಸೆ ಆಗಬೇಕು, ತಡ ಮಾಡಿದರೆ ಕಾಲು ಹೋಗತ್ತೆ" ಎಂದರು ಓಡಿಬಂದ ಸ್ಮೃತಿ.

"ಹಾಗಾದರೆ ಓಡೋಣ" ಎಂದು ಹೆಗಡೆಯವರು ಹಮ್ಮ ಗೌಡರನ್ನು, ಈ ಸಲ ನಿಜವಾಗಿಯೇ, ತಳ್ಳುಗಾಡಿಯಲ್ಲಿಟ್ಟು ಗೇಟಿನತ್ತ ದೂಡಿದರು.

"ಅತ್ತ ಅಲ್ಲ, ಥಿಯೇಟರ್ ಇತ್ತ!" ಎಂದು ಸ್ಮೃತಿ ಕೂಗಿದರು.

"ಅತ್ತಲಿಂದ ಇತ್ತ ಬಂದರೇ ಕಾಯಿಲೆ, ಡಾಕ್ಟ್ರೇ!"

ಹೆಗಡೆಯವರು ಜನ್ಮದಲ್ಲೇ ಅಷ್ಟು ವೇಗವಾಗಿ ಓಡಿರಲಿಲ್ಲ. ಹೆದ್ದಾರಿಯ ಮೇಲೆ ಮೀನಿನ ಲಾರಿಯೊಂದು ಬ್ರೇಕ್ ಹಾಕಿತು. ಸೋಮಿ ಹಿಂದೆಯೇ ಓಡಿ ಬಂದು, "ಅಯ್ಯಯ್ಯೋ, ನನ್ನ ಗಂಡನ ಕಾಲು ಹೋತಲ್ರೋ!" ಎಂದು ಬೊಬ್ಬೆ ಹಾಕಿದಳು. ಹೊರಗಿನಿಂದ ಬರುವ ರೋಗಿಯ ಕಡೆಯವರು ಹೇಗೆ ಅಳಬೇಕೋ ಹಾಗೆಯೇ ಅಳುತ್ತಾಳೆ, ಹೇಳಿಕೊಡಬೇಕಾಗಿಯೇ ಇಲ್ಲ ಎಂದು ಹೆಗಡೆಯವರು ಮೆಚ್ಚಿಕೊಂಡರು.

ಗದ್ದಲ ಕೇಳಿ ಜಯಶ್ರೀ ಮೇಡಂ ಬಾಗಿಲಿಗೆ ಬಂದರು. "ಯಾರಿವರು?"

"ದಾರಿಯಲ್ಲಿ ಸಿಕ್ಕಿದ ರೋಗಿ, ಮೇಡಂ."

"ಬ್ಯಾಂಡೇಜ್ ಆಗಲೇ ಇದೆಯಲ್ಲ?"

"ಬೇರೆಲ್ಲೋ ಚಿಕಿತ್ಸೆ ಆಗಿರಬೇಕು."

"ಛೆ, ಯಾವ ಆಸ್ಪತ್ರೆಯೋ! ಇಂಥವರಿಂದಲೇ ವೈದ್ಯಕೀಯಕ್ಕೆ ಕೆಟ್ಟ ಹೆಸರು" ಎಂದು ಮೇಡಂ ನಿಟ್ಟುಸಿರಿಟ್ಟು, ತಾವೂ ಒಂದು ಕೈ ಕೊಟ್ಟು ಗಾಡಿ ಒಳಗೆ ತಳ್ಳಿದರು.

ಹೆದ್ದಾರಿಗೆ ಹೋಗಿಬಂದ ತಡವನ್ನು ಬೈಯುತ್ತಲೇ ಸ್ಮೃತಿ ಕಾಲಿನ ನಾಳ ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ಪಾದ ಬಿಸಿಯಾಯಿತು. ಸೋಮಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಹೆಗಡೆಯವರು ಕಾರಿಡಾರಿನಲ್ಲಿ ನಿಂತು, ಯಾರೂ ನೋಡದಂತೆ ಕಣ್ಣೊರೆಸಿಕೊಂಡರು. ಕಾಲಿನ ಎರಡು ಬೆರಳು ಮಾತ್ರ ಕಪ್ಪಾಗಿಯೇ ಉಳಿದವು. ಅವು ಹೆದ್ದಾರಿಯಲ್ಲಿ ಆದದ್ದರಿಂದ ಆಸ್ಪತ್ರೆಗೆ ಸಂಬಂಧಪಡಲಿಲ್ಲ.

ಮುದ್ರೆ ಬಂತು. ತೊಡಕು ಶೂನ್ಯ, ಒಂದೇ ಊರಿನ ಒಂದೇ ಹೆಸರಿನ ಮೂವರ ಜೀವರಕ್ಷಣೆ ಎಂದು ವರದಿಯಲ್ಲಿ ವಿಶೇಷ ಪ್ರಶಂಸೆಯೂ ಇತ್ತು. ಇದನ್ನೋದಿದ ಸ್ಮೃತಿ ರಾಜೀನಾಮೆ ಬರೆದರು. ವೈದ್ಯರ ರಾಜೀನಾಮೆಯೂ ಒಂದು ತೊಡಕೆಂದು ನಿರ್ದೇಶಕರು ಅದನ್ನು ಸ್ವೀಕರಿಸಲಿಲ್ಲ.

ಬಳಿಕ ವ್ಯಾಯಾಮ ಚಿಕಿತ್ಸೆಯ ವಿಷಯ ಎದ್ದಿತು. ಸೋಮಿ ಗಂಡನನ್ನು ಕರೆತಂದು, "ಕೈಗೆ, ಮಾತಿಗೆ, ಕಾಲಿಗೆ, ಎಲ್ಲಾದಕ್ಕೂ ಮಾಡಿಕೊಡ್ರಿ" ಎಂದಳು. ಹೆಗಡೆಯವರು ತಾಳ್ಮೆಯಿಂದ ವಿವರಿಸಿದರು. ಕೈ ಮೊದಲನೆಯ ಹಮ್ಮ ಗೌಡರದು. ಅವರು ಸೋಮವಾರ ಬರಬೇಕು. ಮಾತು ತೋಟದಲ್ಲೇ ಕಟ್ಟಿದ್ದರೂ, ಎರಡನೆಯವರಿಗೆ ಬೇರೇನೂ ಇಲ್ಲದ್ದರಿಂದ ಅದನ್ನು ಅವರಿಗೆ ಕೊಡಲಾಗಿದೆ, ಮಂಗಳವಾರ. ಕಾಲು ಮೂರನೆಯವರದು, ಬುಧವಾರ.

"ಮೂರೂ ಇವ್ರೇ ಅಲ್ದಾ?" ಎಂದು ಸೋಮಿ ಮೊದಮೊದಲು ಜಗಳ ತೆಗೆದಳು. ಜಗಳಕ್ಕೆ ವಾರ ನಿಗದಿಯಾಗಿರಲಿಲ್ಲ. ಕ್ರಮೇಣ ಅವಳು ಮೂರು ದಿನವೂ ಬರತೊಡಗಿದಳು. ಹಮ್ಮ ಗೌಡರಿಗೆ ಕೈ ಆಡತೊಡಗಿತು, ಒಂದೊಂದೇ ಮಾತೂ ಬಂತು.

ಮಳೆಗಾಲದ ಒಂದು ಸೋಮವಾರ ಹೆಗಡೆಯವರು ವ್ಯಾಯಾಮದ ಕೋಣೆಗೆ ಇಣುಕಿದರು. ಹಮ್ಮ ಗೌಡರು ರಬ್ಬರಿನ ಚೆಂಡು ಹಿಸುಕುತ್ತಿದ್ದವರು ನಿಲ್ಲಿಸಿ, ಮುಖ ಕಿವುಚಿದರು.

"ಕಾಲು... ನೋವು" ಎಂದರು. ಮಾತಾಡುವುದು ಮಂಗಳವಾರದ ವಿಷಯವಾದರೂ ಹೆಗಡೆಯವರು ಆಕ್ಷೇಪಿಸಲಿಲ್ಲ.

ಸೋಮಿ ಗಂಡನ ಬೆನ್ನು ತಟ್ಟಿದಳು. "ಇವತ್ತು ಸೋಮವಾರ ಅಲ್ದಾ? ನೀವು ಕೈಯವ್ರು. ಕಾಲಿನವ್ರು ನಾಡಿದ್ದು ಬತ್ರು, ಅವ್ರ ಹತ್ರ ಹೇಳುವಾ."

ಹಮ್ಮ ಗೌಡರು ತಮ್ಮ ಕೈ ನೋಡಿದರು, ಕಾಲು ನೋಡಿದರು. ಸರಿಯೆನಿಸಿತು. "ಆತು" ಎಂದು, ಮತ್ತೆ ಚೆಂಡು ಹಿಸುಕತೊಡಗಿದರು.