ನಕ್ಷತ್ರ ಗುರುತಿನ ಬಾವಿ

ಸಾವಿರದ ಒಂಬೈನೂರ ಎಂಬತ್ತನಾಲ್ಕನೇ ಇಸವಿಯಲ್ಲಿ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಆಚೆ ಇರುವ ದಿಬ್ಬದಹಳ್ಳಿಯ ಬಾವಿಯಲ್ಲಿ ಸೈನೈಡ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ತ್ಯಾಜ್ಯದಿಬ್ಬ ಪರಿಶೀಲನಾ ಸಮಿತಿ ರಚನೆಯಾಯಿತು. ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ದಿಬ್ಬ ಬಾವಿಯಿಂದ ಐವತ್ತು ಮಾರು ದೂರದಲ್ಲಿತ್ತು. ಮಳೆ ಬಂದರೆ ದಿಬ್ಬ ಬಾವಿಗೆ ಬರುತ್ತಿತ್ತು. ಸಮಿತಿ ಬಂಗಾರಪೇಟೆಯಿಂದ ಬರುತ್ತಿತ್ತು.

ಬಾವಿ ಅಪಾಯಕಾರಿ ಎಂದು ಖಚಿತವಾದರೆ ಬೇತಮಂಗಲದ ನೀರಿನ ಪೈಪು ನಮ್ಮೂರಿಗೂ ಬರುವುದೆಂದು ತಿಳಿಸಲಾಗಿತ್ತು. ನನ್ನ ಮಗಳಿಗೆ ಆಗ ಒಂದೂವರೆ ವರ್ಷ. ಖಚಿತವಾಗುವವರೆಗೆ ಆ ನೀರು ಅವಳ ಬಾಯಿಗೆ ಹಾಕುವುದಿಲ್ಲ, ನನ್ನ ಹಾಲೂ ಬಿಡಿಸುವುದಿಲ್ಲ ಎಂದು ನಿರ್ಧರಿಸಿದೆ. ಹೇಗೂ ಹದಿನೈದು ದಿನದ ಕೆಲಸ ಎಂದಿದ್ದರು.

ಸಮಿತಿಯ ಸಹಾಯಕ ಕೋದಂಡಪ್ಪನವರು ಬಂದು ಸೀಸೆಗೆ ನೀರು ತುಂಬಿಕೊಂಡರು. ಅದನ್ನು ಅಂದೇ ಬೆಂಗಳೂರಿನ ಪ್ರಯೋಗಾಲಯಕ್ಕೆ ತಲುಪಿಸಬೇಕಂತೆ; ತಡವಾದರೆ ಸೀಸೆಯೊಳಗಿನ ವಿಷ ತಾನಾಗಿಯೇ ಕಡಿಮೆಯಾಗುತ್ತದಂತೆ. ಮಾರಿಕುಪ್ಪಂ ರೈಲಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಸೀಸೆ ಮೂರನೇ ದಿನ ತಲುಪಿತು.

ವರದಿಯಲ್ಲಿ ವಿಷ ಮಿತಿಯ ಎಂಟು ಪಟ್ಟು ಇತ್ತು. ಅಂಕಿಯ ತಲೆಯ ಮೇಲೆ ಒಂದು ನಕ್ಷತ್ರವಿತ್ತು. ಕೆಳಗೆ ಸಣ್ಣಕ್ಷರದಲ್ಲಿ: "ಸೀಸೆ ತಡವಾಗಿ ಬಂದಿದೆ. ಅಂಕಿ ಅಂದಾಜಿನದು. ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚಿರಬಹುದು."

ಸಮಿತಿಯ ಅಧ್ಯಕ್ಷರು ಶಾಲೆಯ ಜಗಲಿಯ ಮೇಲೆ ಸಭೆ ಕರೆದರು.

"ಅಂದಾಜು ಎಂದರೆ ಖಚಿತವಲ್ಲ. ಹೆಚ್ಚಿರಬಹುದು ಎಂದರೆ ಕಡಿಮೆಯೂ ಇರಬಹುದು," ಎಂದರು.

ನಮ್ಮ ಪಕ್ಕದ ಮನೆಯ ಅಮ್ಮಾಜಮ್ಮ ನಾಲ್ಕು ಎಮ್ಮೆ ಸಾಕಿ ಡೈರಿಗೆ ಹಾಲು ಹಾಕುವವಳು. ಎದ್ದು ನಿಂತಳು.

"ಸ್ವಾಮಿ, ದಾರೀಲೆಲ್ಲಾ ಚೆಲ್ಕೊಂಡು ಓಗಿ ಡೈರೀಲಿ ಐದು ಲೀಟ್ರು ಅಳತೆ ಬಂತು ಅನ್ಕಳಿ. ಆಗ ಮನೇಲಿ ಕರೆದಿದ್ದು ಐದಕ್ಕಿಂತ ಜಾಸ್ತೀನೇ ಅಲ್ವಾ? ಕಮ್ಮಿ ಎಂಗಾಯ್ತದೆ?"

ಅಧ್ಯಕ್ಷರು ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಸಿದರು: "ಗ್ರಾಮದಲ್ಲಿ ಹಾಲು ಚೆಲ್ಲುತ್ತಿರುವ ಬಗ್ಗೆ ದೂರು ಬಂದಿದೆ. ಸಂಬಂಧಪಟ್ಟ ಇಲಾಖೆಗೆ ತಿಳಿಸುವುದು."

ಎರಡನೇ ಸೀಸೆ ಅಂದೇ ತಲುಪಿತು. ಅಂದು ಭಾನುವಾರ. ಸೋಮವಾರ ಹಬ್ಬದ ರಜೆ; ಪ್ರಯೋಗಾಲಯ ತೆರೆದದ್ದು ಮಂಗಳವಾರ. ಮತ್ತೆ ನಕ್ಷತ್ರ.

ಕೋದಂಡಪ್ಪನವರು ಕೆಲಸದಲ್ಲಿ ನಿಷ್ಠಾವಂತರು. ಮುಂದಿನ ವರ್ಷ ಅನುಮತಿ ದೊರೆತ ಕೂಡಲೇ ಮೂರನೇ ಸೀಸೆಯನ್ನು ಐಸ್ ಕ್ಯಾಂಡಿ ಮಾರುವ ಸೀನಪ್ಪನ ಡಬ್ಬದಲ್ಲಿ ಹೂತಿಟ್ಟು, ಡಬ್ಬದ ಸಮೇತ ಸೀನಪ್ಪನನ್ನೂ ಬೆಳಗಿನ ರೈಲು ಹತ್ತಿಸಿದರು. ಮಧ್ಯಾಹ್ನಕ್ಕೆ ಸೀಸೆ ತಣ್ಣಗೆ ತಲುಪಿತು. ವಿಷ ಇಪ್ಪತ್ತು ಪಟ್ಟು. ಆದರೆ ಐಸು ಕರಗಿ, ಚೀಟಿ ನೆನೆದು, ಊರಿನ ಹೆಸರು ಅಳಿಸಿಹೋಗಿತ್ತು. ಆದ್ದರಿಂದ ನಕ್ಷತ್ರ: "ಅಂಕಿ ಖಚಿತ. ಬಾವಿ ಯಾವುದೆಂಬುದು ಅಂದಾಜು."

ಅಷ್ಟರಲ್ಲಿ ಮಗಳಿಗೆ ಮೂರು ದಾಟಿತ್ತು. ಕುಂಟೆಬಿಲ್ಲೆ ಆಡುತ್ತಿದ್ದವಳು ಓಡಿ ಬಂದು, "ಅಮ್ಮಾ, ಕೂತ್ಕೋ," ಎಂದು ಅಪ್ಪಣೆ ಮಾಡಿ, ಹಾಲು ಕುಡಿದು, ತನ್ನ ಸರದಿ ತಪ್ಪುವ ಮೊದಲೇ ಆಟಕ್ಕೆ ಹಿಂದಿರುಗುತ್ತಿದ್ದಳು. ಕೋದಂಡಪ್ಪನವರು ಇದನ್ನು ಕಂಡು ಬರೆದುಕೊಂಡರು: "ಮಕ್ಕಳಿಗೆ ಪರ್ಯಾಯ ಮೂಲ ಲಭ್ಯವಿದೆ: ತಾಯಿ."

"ಆ ತಾಯಿ ಕುಡಿಯೋದು ಯಾವ ನೀರು ಅಂತ ಕೇಳಿ ಸ್ವಾಮಿ," ಎಂದಳು ಅಮ್ಮಾಜಮ್ಮ.

"ಬಾವೀದು," ಎಂದೆ.

"ಆದ್ರೂ ಅದು ಒಳಗೆ ಸೋಸಿ ಬರುತ್ತಲ್ಲಮ್ಮ," ಎಂದರು ಕೋದಂಡಪ್ಪ.

"ಸೋಸಾಕೆ ನಾನೇನು ಪಂಚೆ ಬಟ್ಟೇನಾ ಸ್ವಾಮಿ?" ಎಂದೆ.

ಅವರು ಅದನ್ನೂ ಬರೆದುಕೊಂಡರು: "ತಾಯಿಯ ಸೋಸುವ ಸಾಮರ್ಥ್ಯ, ಅಂದಾಜು." ಪಕ್ಕದಲ್ಲಿ ತಾವೇ ಒಂದು ನಕ್ಷತ್ರ ಹಾಕಿದರು.

ಅಂತಿಮ ಆದೇಶವನ್ನು ತಮಟೆ ಹೊಡೆಸಿ ಓದಲಾಯಿತು.

"ಮೂರೂ ವರದಿಗಳು ಖಚಿತವಲ್ಲದ ಕಾರಣ ದಿಬ್ಬದಹಳ್ಳಿಯ ಅಪಾಯವು ಅಂದಾಜಿನದೆಂದು ಘೋಷಿಸಲಾಗಿದೆ. ಅಂದಾಜಿನ ಅಪಾಯಕ್ಕೆ ಅಂದಾಜಿನ ಪರಿಹಾರವೇ ನ್ಯಾಯ. ಆದುದರಿಂದ ನಲ್ಲಿಯನ್ನು ಕೂಡಲೇ ನೆಡತಕ್ಕದ್ದು. ಪೈಪನ್ನು ಖಚಿತವಾದ ನಂತರ ಜೋಡಿಸತಕ್ಕದ್ದು. ಅಲ್ಲಿಯವರೆಗೆ ಬಾವಿಯ ನೀರನ್ನು ಕುಡಿಯಬಹುದು. ಹನ್ನೆರಡು ವರ್ಷದೊಳಗಿನವರಿಗೆ, ಬಸ್ಸಿನ ಟಿಕೆಟ್ಟಿನಂತೆ, ಅರ್ಧ."

ನಲ್ಲಿ ಬಂತು. ಹಿತ್ತಾಳೆಯದು. ಅರಿಶಿನ ಕುಂಕುಮ ಇಟ್ಟೆವು. ಅಧ್ಯಕ್ಷರು ತಿರುಗಿಸಿದರು, ಏನೂ ಬರಲಿಲ್ಲ, ಚಪ್ಪಾಳೆ ತಟ್ಟಿದೆವು.

ಮರುದಿನ ಬೆಳಗಾಗುವಷ್ಟರಲ್ಲಿ ನಲ್ಲಿಯ ಮುಂದೆ ಹನ್ನೊಂದು ಕೊಡ ಸಾಲಾಗಿ ಕೂತಿದ್ದವು. ಪೈಪು ಬರುವ ದಿನ ಹಿಂದೆ ಬೀಳಲು ಯಾರಿಗೂ ಇಷ್ಟವಿರಲಿಲ್ಲ.

"ಏಯ್, ನಂದು ಮುಂದಿತ್ತು ಕಣೇ," ಎಂದೆ.

"ನೆನ್ನೆ ನೀರು ಬರದೇ ಇದ್ದಾಗ ನೀನೆಲ್ಲಿದ್ದೆ? ನಾನು ಸಂಜೇವರ್ಗೂ ಇಲ್ಲೇ ಇದ್ದೆ," ಎಂದಳು ಅಮ್ಮಾಜಮ್ಮ. ಮಾತು ನ್ಯಾಯವಾಗಿತ್ತು. ನನ್ನ ಕೊಡ ಹಿಂದಕ್ಕಿಟ್ಟೆ.

ಊರಿಗೆ ನಲ್ಲಿ ಬಂದ ಮೇಲೂ ಅಷ್ಟು ದೊಡ್ಡ ಹುಡುಗಿಗೆ ಹಾಲು ಕೊಡುವುದು ನೋಡಿದವರಿಗೆ ಚೆನ್ನಾಗಿರುವುದಿಲ್ಲ ಎಂದು ಅಮ್ಮಾಜಮ್ಮನೇ ಬೇವಿನೆಲೆ ಅರೆದು ತಂದುಕೊಟ್ಟಳು. ಎದೆಗೆ ಹಚ್ಚಿಕೊಂಡೆ. ಮಗಳು ಒಂದು ದಿನ ಅತ್ತಳು. ಎರಡನೇ ದಿನ ನೀರು ಕೇಳಿದಳು. ಬಾವಿಯಿಂದ ಸೇದಿ ಅರ್ಧ ಲೋಟ ಕೊಟ್ಟೆ.

ಗಟಗಟ ಕುಡಿದು, "ಇನ್ನೂ ಬೇಕು," ಎಂದು ಲೋಟ ಚಾಚಿದಳು.

"ನಿಂಗೆ ಅರ್ಧಾನೇ ಕಣೇ," ಎಂದೆ. "ಅನ್ನೆರಡು ತುಂಬ್ಲಿ, ಪೂರ್ತಿ ಕೊಡ್ತೀನಿ."